ಮಗುವಿನ ಕೈಗೆ ವಾದ್ಯ ಕೊಡುವ ಮುನ್ನ ಮತ್ತು ಕೊಟ್ಟ ಮೇಲೆ: ಮೊದಲ ವರ್ಷದ ಮಾರ್ಗದರ್ಶಿ

ಮಗುವಿಗೆ ಎಷ್ಟನೆಯ ವಯಸ್ಸಿನಲ್ಲಿ ವಾದ್ಯ ಕಲಿಸಲು ಶುರು ಮಾಡಬಹುದು, ಯಾವ ವಾದ್ಯದಿಂದ ಆರಂಭಿಸಿದರೆ ಒಳ್ಳೆಯದು, ನಮಗೇ ಸಂಗೀತ ಗೊತ್ತಿಲ್ಲದಿರುವಾಗ ಮನೆಯಲ್ಲಿ ಅಭ್ಯಾಸ ಮಾಡಿಸುವುದು ಹೇಗೆ? ತಂದೆತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು, ಕಲಿಸಬೇಕೆಂಬ ಆಲೋಚನೆ ಹುಟ್ಟಿದ ದಿನದಿಂದ ಮೊದಲ ವರ್ಷ ಮುಗಿಯುವವರೆಗೆ ಏನೇನು ಮಾಡಬೇಕೆಂಬುದನ್ನು ಇಲ್ಲಿ ಅನುಕ್ರಮವಾಗಿ ಬರೆದಿದ್ದೇನೆ.

ಪಾಠ ನಡೆಯುವುದು ವಾರಕ್ಕೆ ಒಂದು ಅಥವಾ ಎರಡು ದಿನ ಮಾತ್ರ. ಉಳಿದ ದಿನಗಳಲ್ಲಿ ಮಗು ನಿಮ್ಮ ಕಣ್ಣೆದುರಿಗೇ ಇರುತ್ತದೆ. ಮೊದಲ ವರ್ಷದಲ್ಲಿ ಮಗು ಮುಂದುವರಿಯುತ್ತದೆಯೇ ಇಲ್ಲವೇ ಎಂಬುದನ್ನು ಪ್ರತಿಭೆಗಿಂತ ಹೆಚ್ಚಾಗಿ ಆ ಉಳಿದ ದಿನಗಳೇ ತೀರ್ಮಾನಿಸುತ್ತವೆ. ವಾದ್ಯವು ಮಗುವಿನ ಮೈಗೆ ಒಪ್ಪುವ ಅಳತೆಯದಾಗಿರಬೇಕು, ಶ್ರುತಿ ಸೇರಿರಬೇಕು, ದಿನಕ್ಕೆ ಸ್ವಲ್ಪ ಹೊತ್ತಾದರೂ ಪಕ್ಕದಲ್ಲಿ ಕುಳಿತು ಕೇಳುವ ಹಿರಿಯರೊಬ್ಬರು ಇರಬೇಕು. ಈ ಮೂರೂ ಇದ್ದ ಮನೆಯಲ್ಲಿ ಸಾಧಾರಣ ಮಗುವೂ ಚೆನ್ನಾಗಿ ಕಲಿಯುತ್ತದೆ. ಇವು ಇಲ್ಲದ ಕಡೆ ಜಾಣ ಮಗುವೂ ಕೆಲವೇ ತಿಂಗಳಲ್ಲಿ ವಾದ್ಯವನ್ನು ಮೂಲೆಗಿಡುತ್ತದೆ.

ಹಂತ 1: ಏಕೆ ಕಲಿಸುತ್ತಿದ್ದೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಿ

ವಾದ್ಯ ಕಲಿತರೆ ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಹೆಚ್ಚುತ್ತದೆ ಎಂಬ ಮಾತನ್ನು ನಂಬಿ ಬರುವವರು ಬಹಳ ಮಂದಿ. ಈ ನಂಬಿಕೆಗೆ ಬಲ ಕೊಟ್ಟದ್ದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗ. ಅದರಲ್ಲಿ ಭಾಗವಹಿಸಿದವರು ಮಕ್ಕಳಲ್ಲ, ಕಾಲೇಜು ವಿದ್ಯಾರ್ಥಿಗಳು. ಅವರು ವಾದ್ಯ ನುಡಿಸಲಿಲ್ಲ, ಮೊಜಾರ್ಟ್‌ನ ಸಂಗೀತವನ್ನು ಹತ್ತು ನಿಮಿಷ ಕೇಳಿದರು. ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ತಿರುಗಿಸುವಂಥ ಒಂದು ಬಗೆಯ ಪರೀಕ್ಷೆಯಲ್ಲಿ ಕಂಡ ಏರಿಕೆಯೂ ಕೆಲವು ನಿಮಿಷಗಳಲ್ಲೇ ಇಳಿದುಹೋಯಿತು. ಅಷ್ಟರಿಂದ ‘ಸಂಗೀತ ಕೇಳಿದ ಕೂಸು ಜಾಣನಾಗುತ್ತದೆ’ ಎಂಬ ಮಾತು ಹುಟ್ಟಿ ಎಲ್ಲೆಡೆ ಹರಡಿತು.

ಅಂಕಗಳಿಗಾಗಿ ವಾದ್ಯ ಹಿಡಿಸಿದರೆ, ಅಂಕ ಕಡಿಮೆ ಬಂದ ದಿನ ಮೊದಲು ನಿಲ್ಲುವುದು ವಾದ್ಯದ ಪಾಠವೇ. ಆದುದರಿಂದ ಸಂಗೀತಕ್ಕಾಗಿಯೇ ಸಂಗೀತ ಕಲಿಸುತ್ತಿದ್ದೇವೆ ಎಂದು ಮನೆಯವರೆಲ್ಲ ಒಪ್ಪಿಕೊಂಡು ಹೊರಡುವುದು ಮೇಲು. ತಾಳ್ಮೆ, ಗಮನ, ಒಂದು ಕೆಲಸವನ್ನು ದಿನದಿನವೂ ಮಾಡುವ ರೂಢಿ ಜೊತೆಯಲ್ಲಿ ಬಂದರೆ ಸಂತೋಷ; ಆದರೆ ಅದನ್ನು ಮಗುವಿನ ಮುಂದೆ ಷರತ್ತಾಗಿ ಇಡಬೇಡಿ.

ಹಂತ 2: ಮಗು ಸಿದ್ಧವಾಗಿದೆಯೇ ಎಂದು ನೋಡಿ

ಇದಕ್ಕೆ ಒಂದೇ ವಯಸ್ಸನ್ನು ಹೇಳಲು ಬರುವುದಿಲ್ಲ. ಹತ್ತು ನಿಮಿಷ ಒಂದೆಡೆ ಕುಳಿತು ಹೇಳಿದ್ದನ್ನು ಕೇಳಬಲ್ಲದೇ, ನೀವು ಸಮವಾಗಿ ಚಪ್ಪಾಳೆ ತಟ್ಟಿದರೆ ಓಡದೆ, ಹಿಂದೆ ಬೀಳದೆ ಜೊತೆಗೆ ತಟ್ಟಬಲ್ಲದೇ, ಒಂದೊಂದು ಬೆರಳನ್ನು ಬೇರೆ ಬೇರೆಯಾಗಿ ಎತ್ತಿ ಇಳಿಸಬಲ್ಲದೇ, ಹಾಡಿನ ಒಂದು ಸಾಲನ್ನು ಕೇಳಿ ಹೆಚ್ಚುಕಡಿಮೆ ಅದೇ ಸ್ವರದಲ್ಲಿ ಹಾಡಬಲ್ಲದೇ ಎಂದು ನೋಡಿ. ಇಷ್ಟು ಬಂದರೆ ಸಾಕು. ಐದಾರು ವರ್ಷದ ಬಹುಪಾಲು ಮಕ್ಕಳು ಕೀಬೋರ್ಡಿಗೆ, ಪುಟ್ಟ ಅಳತೆಯ ಪಿಟೀಲಿಗೆ ಅಥವಾ ಕೈಗೆಟಕುವ ತಾಳವಾದ್ಯಕ್ಕೆ ಸಿದ್ಧರಿರುತ್ತಾರೆ. ಲೋಹದ ತಂತಿಯ ಗಿಟಾರನ್ನು ಒತ್ತಲು ಬೆರಳಿಗೆ ಇನ್ನೂ ಒಂದೆರಡು ವರ್ಷ ಬೇಕಾಗುತ್ತದೆ.

ಊದುವ ವಾದ್ಯಗಳಲ್ಲಿ ಹಲ್ಲನ್ನೂ ಗಮನಿಸಬೇಕು. ಆರರಿಂದ ಎಂಟು ವರ್ಷದ ನಡುವೆ ಮುಂದಿನ ಹಾಲುಹಲ್ಲು ಬಿದ್ದು ಹೊಸದು ಬರುತ್ತದೆ. ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರಂಪೆಟ್‌ಗಳಂಥ ವಾದ್ಯಗಳು ತುಟಿ ಮತ್ತು ಮುಂಬಲ್ಲುಗಳ ಆಸರೆಯನ್ನೇ ಅವಲಂಬಿಸಿರುವುದರಿಂದ ಹೊಸ ಹಲ್ಲು ಗಟ್ಟಿಯಾಗಿ ನಿಲ್ಲುವವರೆಗೆ ಕಾಯಬೇಕು. ಸಿದ್ಧವಿಲ್ಲದ ಮಗುವಿಗೆ ಈ ಅವಧಿಯಲ್ಲಿ ಹಾಡು, ಚಪ್ಪಾಳೆ, ತಾಳಕ್ಕೆ ಹೆಜ್ಜೆ ಹಾಕುವ ಆಟ ಸಾಕು. ಅದೂ ವಾದ್ಯದ ಪಾಠವೇ.

ಹಂತ 3: ವಾದ್ಯವನ್ನು ಆರಿಸಿ

ಮಗುವಿಗೆ ಯಾವ ನಾದ ಇಷ್ಟವಾಗುತ್ತದೆ ಎಂಬುದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಬೇರೆ ಬೇರೆ ವಾದ್ಯಗಳನ್ನು ಒಬ್ಬರೇ ನುಡಿಸುವುದನ್ನು ಕೆಲವು ವಾರ ಕೇಳಿಸಿ, ಸಾಧ್ಯವಾದರೆ ಎದುರಿನಲ್ಲಿ ನುಡಿಸುವುದನ್ನು ತೋರಿಸಿ. ಯಾವುದನ್ನು ಮತ್ತೆ ಹಾಕು ಎಂದು ಮಗು ಕೇಳುತ್ತದೆಯೋ ಅದನ್ನು ನೆನಪಿಡಿ. ನಿಮಗೆ ಚಿಕ್ಕಂದಿನಲ್ಲಿ ಕಲಿಯಲಾಗದೆ ಹೋದ ವಾದ್ಯವನ್ನು ಮಗುವಿನ ಮೇಲೆ ಹೊರಿಸಬೇಡಿ.

ಒಂದೊಂದು ವಾದ್ಯದ ಕಷ್ಟ ಒಂದೊಂದು ಕಡೆ ಇರುತ್ತದೆ. ಕೀಬೋರ್ಡಿನಲ್ಲಿ ಸ್ವರ ಸಿದ್ಧವಾಗಿಯೇ ಇರುತ್ತದೆ. ಒತ್ತಿದ ಕೂಡಲೇ ಸರಿಯಾದ ಸ್ವರ ಬರುವುದರಿಂದ ಮೊದಲ ತಿಂಗಳು ಹಿತವಾಗಿ ಕಳೆಯುತ್ತದೆ, ಎರಡು ಕೈಗಳು ಬೇರೆ ಬೇರೆ ಕೆಲಸ ಮಾಡಬೇಕಾದಾಗ ಕಷ್ಟ ಎದುರಾಗುತ್ತದೆ. ಪಿಟೀಲಿನಲ್ಲಿ ಇದು ತಿರುಗುಮುರುಗು. ಬೆರಳಿಡುವ ಜಾಗಕ್ಕೆ ಯಾವ ಗುರುತೂ ಇಲ್ಲ, ಕಮಾನು ಸ್ವಲ್ಪ ಓರೆಯಾದರೂ ಕರ್ಕಶವಾಗುತ್ತದೆ, ಕಿವಿಗೆ ಹಿತವಾದ ನಾದ ಬರಲು ತಿಂಗಳುಗಳೇ ಹಿಡಿಯುತ್ತವೆ. ಆದರೆ ಆ ತಿಂಗಳುಗಳಲ್ಲಿ ಕಿವಿ ಬೆಳೆಯುವಷ್ಟು ಬೇರೆ ವಾದ್ಯದಲ್ಲಿ ಬೆಳೆಯುವುದು ವಿರಳ. ಕೊಳಲಿನಲ್ಲಿ ಮೊದಮೊದಲು ಬರೀ ಗಾಳಿಯ ಸದ್ದು ಬರುತ್ತದೆ, ಸತತವಾಗಿ ಊದಿದರೆ ತಲೆ ತಿರುಗಿದಂತಾಗುವುದರಿಂದ ನಡುನಡುವೆ ನಿಲ್ಲಿಸಬೇಕು. ಅದಕ್ಕಿಂತ ಸುಲಭವಾಗಿ ನಾದ ಹೊರಡುವುದು ರೆಕಾರ್ಡರ್‌ನಲ್ಲಿ, ಅಂದರೆ ಬಾಯಿಯ ತುದಿಯಲ್ಲೇ ಸೀಟಿಯಂಥ ರಚನೆಯಿರುವ ಉದ್ದನೆಯ ಕೊಳಲಿನಲ್ಲಿ. ತಬಲಾ, ಮೃದಂಗ, ಡ್ರಮ್ಸ್‌ಗಳಲ್ಲಿ ಸದ್ದು ತಕ್ಷಣ ಬರುತ್ತದೆ, ಸ್ಪಷ್ಟವಾದ ಬೋಲು ಬರಲು ಕಾಲ ಬೇಕು. ಬೋಲು ಎಂದರೆ ಒಂದೊಂದು ಪೆಟ್ಟಿಗೂ ಇರುವ ಬಾಯಿಮಾತಿನ ಹೆಸರು.

ಹಂತ 4: ಅಳತೆ ನೋಡಿ ತನ್ನಿ

ತೊಂದರೆ ಹೆಚ್ಚಾಗಿ ಆಗುವುದು ಇಲ್ಲೇ. ಮಗು ಬೆಳೆಯುತ್ತದೆಯಲ್ಲ ಎಂದು ದೊಡ್ಡ ವಾದ್ಯ ತರುವುದು ಉಳಿತಾಯವಲ್ಲ. ಕೈಗೆ ನಿಲುಕದ ವಾದ್ಯ ಹಿಡಿದ ಮಗು ಭುಜ ಎತ್ತಿ, ಮಣಿಕಟ್ಟು ಮುರಿದು ನುಡಿಸಲು ಕಲಿಯುತ್ತದೆ. ಆ ಭಂಗಿಯನ್ನು ಬಿಡಿಸಲು ಕಲಿಸಿದ್ದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ.

ಪಿಟೀಲು 1/16, 1/10, 1/8, 1/4, 1/2, 3/4 ಮತ್ತು 4/4 ಎಂಬ ಅಳತೆಗಳಲ್ಲಿ ದೊರೆಯುತ್ತದೆ. 1/2 ಎಂದರೆ ಅರ್ಧ ಉದ್ದ ಎಂದು ತಿಳಿಯಬಾರದು: ಪೂರ್ಣ ಅಳತೆಯ ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್ ಇದ್ದರೆ 1/2 ಅಳತೆಯದು ಸುಮಾರು 31 ಸೆಂಟಿಮೀಟರ್ ಇರುತ್ತದೆ. ಭುಜದ ಮೇಲಿಟ್ಟು ನುಡಿಸುವ ಪದ್ಧತಿಯಲ್ಲಿ ಅಳತೆ ನೋಡುವುದು ಹೀಗೆ. ಪಿಟೀಲನ್ನು ಮಗುವಿನ ಎಡಭುಜದ ಮೇಲಿಟ್ಟು, ಎಡಗೈಯನ್ನು ವಾದ್ಯದ ಉದ್ದಕ್ಕೂ ಚಾಚಿಸಿ. ತುದಿಯಲ್ಲಿರುವ ಸುರುಳಿಯನ್ನು ಅಂಗೈಯಲ್ಲಿ ಹಿಡಿದಾಗ ಮೊಣಕೈ ಸ್ವಲ್ಪ ಮಡಿಚಿಯೇ ಇದ್ದರೆ ಅಳತೆ ಸರಿ. ತೋಳು ಪೂರ್ತಿ ನೆಟ್ಟಗಾದರೆ ಅಥವಾ ಬೆರಳ ತುದಿ ಮಾತ್ರ ಸುರುಳಿಗೆ ತಾಗಿದರೆ ಒಂದು ಅಳತೆ ಕೆಳಗಿನದನ್ನು ತೆಗೆದುಕೊಳ್ಳಿ. ನೆಲದ ಮೇಲೆ ಕುಳಿತು ಸುರುಳಿಯನ್ನು ಪಾದದ ಬಳಿ ಊರಿ ನುಡಿಸುವ ಕರ್ನಾಟಕ ಪದ್ಧತಿಯಲ್ಲಿ ಕೂರುವ ಭಂಗಿಯೂ ಲೆಕ್ಕಕ್ಕೆ ಬರುವುದರಿಂದ ಶಿಕ್ಷಕರು ಕೂರಿಸಿ ನೋಡಿದ ಮೇಲೆಯೇ ಅಳತೆ ಗೊತ್ತು ಮಾಡಬೇಕು.

ಗಿಟಾರಿನಲ್ಲಿ ಪೂರ್ಣ ಅಳತೆಯ ಕ್ಲಾಸಿಕಲ್ ವಾದ್ಯದ ನುಡಿಯುವ ತಂತಿ ಸುಮಾರು 65 ಸೆಂಟಿಮೀಟರ್ ಉದ್ದವಿರುತ್ತದೆ, 3/4 ಅಳತೆಯಲ್ಲಿ ಸುಮಾರು 58. ಚಿಕ್ಕ ಮಕ್ಕಳಿಗೆ ಲೋಹದ ತಂತಿಗಿಂತ ನೈಲಾನ್ ತಂತಿ ಹಿತ. ಕೊಳಲು ಉದ್ದವಾದಷ್ಟೂ ರಂಧ್ರಗಳ ನಡುವಿನ ಅಂತರ ಹೆಚ್ಚುತ್ತದೆ. ಮಗುವಿನ ಬೆರಳು ಪ್ರತಿ ರಂಧ್ರವನ್ನೂ ಗಾಳಿ ಸೋರದಂತೆ ಮುಚ್ಚಬೇಕಾದ ಕಾರಣ ಹೆಚ್ಚಿನ ಶ್ರುತಿಯ ಗಿಡ್ಡ ಕೊಳಲಿನಿಂದ ಆರಂಭಿಸುವುದು ವಾಡಿಕೆ. ಪಿಯಾನೊದಲ್ಲಿ 88 ಕೀಲಿಗಳಿದ್ದರೂ ಮೊದಲೆರಡು ವರ್ಷಕ್ಕೆ 61 ಕೀಲಿಗಳ ಕೀಬೋರ್ಡ್ ಸಾಕು, ಆದರೆ ಕೀಲಿಗಳು ಪೂರ್ಣ ಅಗಲದವಾಗಿರಲಿ ಮತ್ತು ಟಚ್ ಸೆನ್ಸಿಟಿವ್ ಆಗಿರಲಿ, ಅಂದರೆ ಮೆಲ್ಲನೆ ಒತ್ತಿದರೆ ಮೆಲುವಾಗಿಯೂ ಜೋರಾಗಿ ಒತ್ತಿದರೆ ಜೋರಾಗಿಯೂ ನುಡಿಯುವಂಥದ್ದಾಗಿರಲಿ. ಕುಳಿತಾಗ ಮುಂಗೈ ನೆಲಕ್ಕೆ ಸಮಾನಾಂತರವಾಗಿ ಬರುವಷ್ಟು ಎತ್ತರದ ಆಸನ ಬೇಕು; ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ ಇಡಿ.

ವಾದ್ಯದ ಆಕಾರದ ಆಟಿಕೆಗಳನ್ನು ಪಾಠಕ್ಕೆ ಬಳಸಬೇಡಿ, ಅವುಗಳಲ್ಲಿ ಶ್ರುತಿ ನಿಲ್ಲುವುದಿಲ್ಲ. ಬಾಡಿಗೆಗೆ ಸಿಗುವುದಾದರೆ ಮೊದಲ ವರ್ಷ ಬಾಡಿಗೆಯೇ ಸರಿ, ಏಕೆಂದರೆ ಬೆಳೆಯುವ ಮಗು ಅಳತೆಯನ್ನು ಬದಲಿಸುತ್ತಲೇ ಇರುತ್ತದೆ.

ಹಂತ 5: ಶಿಕ್ಷಕರನ್ನು ಆರಿಸಿ

ಒಳ್ಳೆಯ ವಾದಕರೆಲ್ಲ ಚಿಕ್ಕ ಮಕ್ಕಳಿಗೆ ಒಳ್ಳೆಯ ಶಿಕ್ಷಕರಾಗಿರುತ್ತಾರೆ ಎಂದಲ್ಲ. ಸೇರಿಸುವ ಮೊದಲು ಒಂದು ಪಾಠವನ್ನು ಕುಳಿತು ನೋಡಲು ಅನುಮತಿ ಕೇಳಿ. ಮಗು ತಪ್ಪಿದಾಗ ಅವರು ಏನು ಮಾಡುತ್ತಾರೆ ಎಂಬುದೊಂದನ್ನೇ ಗಮನಿಸಿದರೂ ಸಾಕು: ಮತ್ತೆ ಮೊದಲಿನಿಂದ ನುಡಿಸು ಎಂದು ಹೇಳಿ ಸುಮ್ಮನಾಗುತ್ತಾರೋ, ತಪ್ಪಿದ ಜಾಗವನ್ನು ಹಿಡಿದು ಕೈಯನ್ನು ತಿದ್ದುತ್ತಾರೋ ನೋಡಿ. ಮನೆಯಲ್ಲಿ ಏನು ಅಭ್ಯಾಸ ಮಾಡಬೇಕೆಂದು ಪ್ರತಿ ಪಾಠದ ಕೊನೆಗೆ ಬರೆಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಹಂತ 6: ಶ್ರುತಿ ಮಾಡುವುದನ್ನು ನೀವು ಕಲಿಯಿರಿ

ಶ್ರುತಿ ಮಾಡುವುದೆಂದರೆ ತಂತಿ ಅಥವಾ ಚರ್ಮದ ಬಿಗಿತವನ್ನು ಹೊಂದಿಸಿ, ಗೊತ್ತುಪಡಿಸಿದ ಸ್ವರಕ್ಕೆ ತರುವುದು. ಕೀಬೋರ್ಡಿಗೆ ಈ ಚಿಂತೆಯಿಲ್ಲ. ತಂತಿವಾದ್ಯಗಳನ್ನು ಹೆಚ್ಚುಕಡಿಮೆ ದಿನವೂ ಸರಿಪಡಿಸಬೇಕಾಗುತ್ತದೆ. ಏಳು ವರ್ಷದ ಮಗುವಿಗೆ ಇದು ಆಗುವ ಕೆಲಸವಲ್ಲ, ನೀವೇ ಕಲಿಯಬೇಕು. ಶ್ರುತಿ ತಪ್ಪಿದ ವಾದ್ಯದಲ್ಲಿ ವಾರವಿಡೀ ನುಡಿಸಿದ ಮಗುವಿನ ಕಿವಿ ತಪ್ಪು ಸ್ವರಕ್ಕೇ ಒಗ್ಗಿಕೊಳ್ಳುತ್ತದೆ.

ಇದಕ್ಕೆ ಟ್ಯೂನರ್ ಎಂಬ ಪುಟ್ಟ ಸಾಧನ ಅಥವಾ ಮೊಬೈಲಿನ ಆ್ಯಪ್ ಸಾಕು. ನುಡಿದ ಸ್ವರ ಯಾವುದು, ಅದು ಏರಿದೆಯೋ ಇಳಿದಿದೆಯೋ ಎಂದು ಅದು ತೋರಿಸುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿಯುತ್ತಿದ್ದರೆ ಟ್ಯೂನರ್‌ನ ಆಧಾರ ಸ್ವರವಾದ ಎ 440 ಹರ್ಟ್ಸ್‌ಗೆ ಇದೆಯೇ ನೋಡಿಕೊಳ್ಳಿ, ಪಿಟೀಲಿನ ತಂತಿಗಳು ದಪ್ಪದಿಂದ ತೆಳುವಿಗೆ ಜಿ, ಡಿ, ಎ, ಇ. ಕರ್ನಾಟಕ ಪದ್ಧತಿಯಲ್ಲಾದರೆ ತಂತಿಗಳನ್ನು ಸ, ಪ, ಸ, ಪ ಎಂದು ಕೂಡಿಸುತ್ತಾರೆ. ನಿಮ್ಮ ಮಗುವಿನ ಷಡ್ಜ, ಅಂದರೆ ಆ ‘ಸ’, ಯಾವ ಸ್ವರಕ್ಕೆ ಇರಬೇಕೆಂದು ಶಿಕ್ಷಕರಿಂದಲೇ ಬರೆಸಿಕೊಳ್ಳಿ.

ಪಿಟೀಲಿನ ತಂತಿಯನ್ನು ಬಿಗಿ ಮಾಡುವಾಗ ಮೊದಲು ಬಿರಡೆಯನ್ನು, ಅಂದರೆ ತಂತಿ ಸುತ್ತಿರುವ ಮರದ ಗೂಟವನ್ನು, ಒಂದಿಷ್ಟು ಹಿಂದಕ್ಕೆ ತಿರುಗಿಸಿ ಸಡಿಲಿಸಿ, ಆಮೇಲೆ ಒಳಮುಖವಾಗಿ ತುಸು ಒತ್ತುತ್ತ ಮೆಲ್ಲನೆ ಮುಂದಕ್ಕೆ ತಿರುಗಿಸಿ. ಒತ್ತದೆ ತಿರುಗಿಸಿದರೆ ಬಿರಡೆ ಜಾರಿ ತಂತಿ ಪೂರ್ತಿ ಸಡಿಲವಾಗುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಬಿರಡೆಯನ್ನು ಮುಟ್ಟದೆ ಕೆಳತುದಿಯಲ್ಲಿರುವ ಪುಟ್ಟ ತಿರುಪುಗಳನ್ನು ಬಳಸಿ. ಒಂದು ಅಪಾಯವನ್ನು ವಿಶೇಷವಾಗಿ ಗಮನದಲ್ಲಿಡಿ: ಹಲವು ಟ್ಯೂನರ್‌ಗಳು ಸ್ವರದ ಹೆಸರನ್ನಷ್ಟೇ ತೋರಿಸುತ್ತವೆ, ಯಾವ ಸ್ಥಾಯಿ ಎಂಬುದನ್ನು ತೋರಿಸುವುದಿಲ್ಲ. ಸ್ಥಾಯಿ ಎಂದರೆ ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗಿನ ಅಂತರ. ತಂತಿ ಸರಿಯಾದ ಸ್ಥಾಯಿಯನ್ನು ದಾಟಿದ್ದರೂ ಸೂಚಕದಲ್ಲಿ ಆ ಹೆಸರು ಕಾಣುತ್ತಿಲ್ಲವೆಂದು ಬಿಗಿಯುತ್ತಲೇ ಹೋದರೆ ತಂತಿ ಕಡಿದು ಮುಖಕ್ಕೆ ಬಡಿಯಬಹುದು. ಶ್ರುತಿ ಮಾಡುವಾಗ ಮಗುವನ್ನೂ ನಿಮ್ಮ ಮುಖವನ್ನೂ ವಾದ್ಯದಿಂದ ದೂರ ಇರಿಸಿ. ಶಿಕ್ಷಕರು ಸರಿಯಾಗಿ ಶ್ರುತಿ ಮಾಡಿಕೊಟ್ಟ ನಾಲ್ಕು ತಂತಿಗಳ ನಾದವನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಂಡು ಅದಕ್ಕೆ ಹೋಲಿಸುತ್ತಿದ್ದರೆ ಈ ತಪ್ಪು ಆಗುವುದಿಲ್ಲ.

ನುಡಿಸಿದ ಮೇಲೆ ಕಮಾನಿನ ಕೂದಲನ್ನು ಸಡಿಲಿಸಿ, ತಂತಿಯ ಮೇಲೆ ಬಿದ್ದ ರಾಳದ ಪುಡಿಯನ್ನು ಒಣಬಟ್ಟೆಯಿಂದ ಒರೆಸಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಯಾವ ಮರದ ವಾದ್ಯವನ್ನೂ ಬಿಡಬೇಡಿ, ಅಂಟು ಬಿಡುತ್ತದೆ.

ಹಂತ 7: ಮನೆಯ ಅಭ್ಯಾಸವನ್ನು ಕಟ್ಟಿ

ಐದಾರು ವರ್ಷದ ಮಗುವಿಗೆ ದಿನಕ್ಕೆ ಹತ್ತು ನಿಮಿಷ, ಏಳರಿಂದ ಒಂಬತ್ತರವರಿಗೆ ಹದಿನೈದಿಪ್ಪತ್ತು ನಿಮಿಷ, ಅದಕ್ಕೂ ದೊಡ್ಡವರಿಗೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಭಾನುವಾರ ಎರಡು ಗಂಟೆ ಕೂರಿಸಿ ಉಳಿದ ದಿನ ಬಿಡುವುದಕ್ಕಿಂತ ದಿನವೂ ಹತ್ತು ನಿಮಿಷ ನುಡಿಸುವುದು ಬಹಳ ಮೇಲು. ಕೈ ಕಲಿತದ್ದನ್ನು ಮಿದುಳು ನಿದ್ರೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ ಎಂಬುದು ಚೆನ್ನಾಗಿ ಸಾಬೀತಾದ ವಿಷಯ, ಅದಕ್ಕೆ ಅಭ್ಯಾಸದ ನಡುವೆ ರಾತ್ರಿಗಳು ಬೇಕು. ಹೊತ್ತನ್ನು ಗಡಿಯಾರಕ್ಕೆ ಕಟ್ಟುವ ಬದಲು ದಿನವೂ ನಡೆಯುವ ಇನ್ನೊಂದು ಕೆಲಸಕ್ಕೆ ಕಟ್ಟಿ: ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ, ಅಥವಾ ಬೆಳಗ್ಗೆ ಹೊರಡುವ ಮುನ್ನ. ವಾದ್ಯವನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಕಪಾಟಿನ ಮೇಲೆ ಇಟ್ಟರೆ ಅದನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಬೀಳದಂತೆ, ಆದರೆ ಮಗುವಿನ ಕೈಗೆ ಸಿಗುವಂತೆ ಇರಿಸಿ.

ಅಭ್ಯಾಸದ ಒಳಗೆ ಮೂರು ಭಾಗಗಳಿರಲಿ. ಮೊದಲು ಕೈ ಪಳಗಿಸುವ ಪಾಠ, ಸರಳಿ ವರಸೆಯಾಗಲಿ ಸ್ಕೇಲ್ ಆಗಲಿ, ನಿಧಾನವಾಗಿ. ನಡುವೆ ಈ ವಾರದ ಹೊಸ ಪಾಠ. ಕೊನೆಗೆ ಮಗುವಿಗೆ ಚೆನ್ನಾಗಿ ಬರುವ, ಇಷ್ಟವಾದ ಒಂದು ರಚನೆ. ಈ ಕೊನೆಯ ಭಾಗವನ್ನು ಹೊತ್ತಾಯಿತೆಂದು ಕೈಬಿಡಬೇಡಿ.

ಬಹುಪಾಲು ಮಕ್ಕಳು ಅಭ್ಯಾಸ ಮಾಡುವ ರೀತಿಯಲ್ಲಿ ಒಂದು ದೋಷವಿದೆ. ಹದಿನಾರು ಸ್ವರಗಳ ಒಂದು ಸಾಲು ಇದೆ ಎನ್ನಿ. ಮಗು ಮೊದಲಿನಿಂದ ಸರಾಗವಾಗಿ ನುಡಿಸುತ್ತ ಬಂದು ಹನ್ನೊಂದನೆಯ ಸ್ವರದಲ್ಲಿ ತಡವರಿಸುತ್ತದೆ. ಕೂಡಲೇ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ, ಮತ್ತೆ ಅಲ್ಲಿಯೇ ತಡವರಿಸುತ್ತದೆ. ಹೀಗೆ ಹತ್ತು ಸಲ ನುಡಿಸಿದಾಗ ಚೆನ್ನಾಗಿ ಬರುತ್ತಿದ್ದ ಹತ್ತು ಸ್ವರಗಳು ಹತ್ತು ಸಲ ಅಭ್ಯಾಸವಾದವು. ಹನ್ನೊಂದನೆಯದರಲ್ಲಿ ತಡವರಿಸುವುದೂ ಹತ್ತು ಸಲ ಅಭ್ಯಾಸವಾಯಿತು. ಕೈಗೆ ಸರಿ ತಪ್ಪುಗಳ ಭೇದ ತಿಳಿಯದು, ಎಷ್ಟು ಸಲ ಮಾಡಿತೋ ಅದನ್ನೇ ಅದು ಕಲಿಯುತ್ತದೆ.

ಇದನ್ನು ಬಿಡಿಸಲು ಸಂಗೀತ ಗೊತ್ತಿರಬೇಕಾಗಿಲ್ಲ. ‘ತಪ್ಪಾಯಿತು’ ಎನ್ನುವ ಬದಲು ‘ಯಾವ ಸ್ವರದ ಹತ್ತಿರ ಕೈ ನಿಂತಿತು, ತೋರಿಸು ಪುಟ್ಟ’ ಎಂದು ಕೇಳಿ. ಮಗು ತೋರಿಸುತ್ತದೆ. ಆಗ ಅದರ ಹಿಂದಿನ ಒಂದು ಸ್ವರ ಮತ್ತು ಆ ಸ್ವರ, ಈ ಎರಡನ್ನು ಮಾತ್ರ ನುಡಿಸಲಿ. ತಡೆಯಿಲ್ಲದೆ ಬರುವಷ್ಟು ನಿಧಾನವಾಗಿ ನುಡಿಸಲಿ. ಮತ್ತೆ ತಡೆದರೆ ಇನ್ನೂ ನಿಧಾನ ಮಾಡಲಿ. ಸತತವಾಗಿ ಮೂರು ಸಲ ಸರಿಯಾಗಿ ಬಂದ ಮೇಲೆ ಹಿಂದೊಂದು, ಮುಂದೊಂದು ಸ್ವರ ಸೇರಿಸಿ ನಾಲ್ಕು ಮಾಡಿ. ಅದೂ ಮೂರು ಸಲ ಬಂದರೆ ಒಂಬತ್ತನೆಯ ಸ್ವರದಿಂದ ಸಾಲಿನ ಕೊನೆಯವರೆಗೆ. ಇಡೀ ಸಾಲನ್ನು ಮೊದಲಿನಿಂದ ನುಡಿಸುವುದು ಕಟ್ಟಕಡೆಗೆ, ಒಂದೇ ಸಲ. ಮಾರನೆಯ ದಿನ ಅಭ್ಯಾಸ ಶುರುವಾಗುವುದು ಅದೇ ಎರಡು ಸ್ವರಗಳಿಂದ. ಇದೆಲ್ಲಕ್ಕೂ ಐದು ನಿಮಿಷ ಸಾಕು.

ವೇಗವನ್ನು ಹಿಡಿದಿಡಲು ಮೆಟ್ರೊನೋಮ್ ನೆರವಾಗುತ್ತದೆ. ಅದು ಸಮನಾದ ಅಂತರದಲ್ಲಿ ಟಕ್ ಟಕ್ ಎಂದು ಎಣಿಸುವ ಯಂತ್ರ. 60ಕ್ಕೆ ಇಟ್ಟರೆ ಸೆಕೆಂಡಿಗೊಂದು ಪೆಟ್ಟು. ಆದರೆ ಹೊಸ ಪಾಠದ ಮೊದಲ ದಿನವೇ ಅದನ್ನು ಹಚ್ಚಬೇಡಿ. ಸ್ವರಗಳು ಕೈಗೆ ಬಂದ ಮೇಲೆ ಹಚ್ಚಿ, ತಪ್ಪಿಲ್ಲದೆ ನುಡಿಸಿದ ದಿನ ಮಾತ್ರ ನಾಲ್ಕೈದು ಅಂಕೆ ಏರಿಸಿ.

ಜಪಾನಿನ ಪಿಟೀಲು ಶಿಕ್ಷಕ ಶಿನಿಚಿ ಸುಝುಕಿ (1898–1998) ಮಕ್ಕಳು ತಾಯ್ನುಡಿ ಕಲಿಯುವಂತೆಯೇ ಸಂಗೀತವನ್ನೂ ಕಲಿಯಬಲ್ಲರು ಎಂಬ ನಂಬಿಕೆಯ ಮೇಲೆ ಒಂದು ಬೋಧನಾ ಪದ್ಧತಿಯನ್ನೇ ಕಟ್ಟಿದರು. ಅದರಲ್ಲಿ ತಂದೆ ಅಥವಾ ತಾಯಿ ಪಾಠಕ್ಕೆ ಜೊತೆಯಲ್ಲಿ ಬಂದು ಕೂರುತ್ತಾರೆ, ಕಲಿಯಬೇಕಾದ ರಚನೆಯನ್ನು ಮನೆಯಲ್ಲಿ ಮಗುವಿಗೆ ದಿನವೂ ಕೇಳಿಸುತ್ತಾರೆ. ನಿಮ್ಮ ಮಗು ಯಾವ ಪದ್ಧತಿಯಲ್ಲಿ ಕಲಿತರೂ ಈ ಎರಡನ್ನು ಎರವಲು ಪಡೆಯಿರಿ. ಪಾಠದಲ್ಲಿ ಕುಳಿತು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ: ಹೆಬ್ಬೆರಳು ಎಲ್ಲಿರಬೇಕು, ಈ ವಾರ ಎಷ್ಟು ನಿಧಾನ, ಯಾವ ಜಾಗ ಕಠಿಣ. ಮನೆಯಲ್ಲಿ ಮಗುವಿಗೆ ‘ಇದನ್ನು ನನಗೆ ಹೇಳಿಕೊಡು’ ಎಂದು ಕೇಳಿ. ಹೇಳಿಕೊಡುವಾಗ ಮಗುವಿನ ಅರಿವು ಸ್ಪಷ್ಟವಾಗುತ್ತದೆ.

ಬೇರೆ ಮಕ್ಕಳೊಂದಿಗೆ ಹೋಲಿಸುವುದು, ಬಂದ ನೆಂಟರೆದುರು ಸಿದ್ಧವಿಲ್ಲದ ಪಾಠವನ್ನು ನುಡಿಸು ಎಂದು ಒತ್ತಾಯಿಸುವುದು, ಶಿಕ್ಷೆಯಾಗಿ ಅರ್ಧ ಗಂಟೆ ಹೆಚ್ಚು ಅಭ್ಯಾಸ ಮಾಡಿಸುವುದು, ಈ ಮೂರನ್ನು ಎಂದಿಗೂ ಮಾಡಬೇಡಿ. ವಾದ್ಯ ಶಿಕ್ಷೆಯಾದ ಮೇಲೆ ಅದನ್ನು ಮತ್ತೆ ಪ್ರೀತಿಯ ವಸ್ತುವಾಗಿಸುವುದು ಬಹಳ ಕಷ್ಟ.

ಹಂತ 8: ಮೈ ಮತ್ತು ಕಿವಿಯನ್ನು ಕಾಪಾಡಿ

ತಂತಿ ಒತ್ತುವ ಬೆರಳ ತುದಿ ಮೊದಲ ಕೆಲವು ವಾರ ಉರಿಯುವುದು ಸಹಜ, ಚರ್ಮ ಗಟ್ಟಿಯಾದಂತೆ ಅದು ಹೋಗುತ್ತದೆ. ಮಣಿಕಟ್ಟು, ಮೊಣಕೈ, ಕುತ್ತಿಗೆ, ಬೆನ್ನಿನ ನೋವು ಸಹಜವಲ್ಲ. ಅಂಥ ನೋವು ಬಂದರೆ ಆ ದಿನ ನಿಲ್ಲಿಸಿ, ಶಿಕ್ಷಕರಿಂದ ಭಂಗಿಯನ್ನೂ ವಾದ್ಯದ ಅಳತೆಯನ್ನೂ ನೋಡಿಸಿ. ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಡ್ರಮ್ಸ್ ಕಲಿಯುವ ಮಕ್ಕಳ ಕಿವಿಗೆ ಪ್ರತ್ಯೇಕ ಎಚ್ಚರ ಬೇಕು. ದುಡಿಮೆಯ ಸ್ಥಳದಲ್ಲಿ ವಯಸ್ಕರಿಗೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಯ ಮಿತಿಯೆಂದು ಪರಿಗಣಿಸುತ್ತಾರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. ಈ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಕಾಲು ಗಂಟೆ ಮಾತ್ರ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್‌ನ ಸದ್ದು ಅಷ್ಟನ್ನು ಸುಲಭವಾಗಿ ಮುಟ್ಟುತ್ತದೆ. ಕಿವಿಯ ರಕ್ಷಕವನ್ನು ಮೊದಲ ಪಾಠದಿಂದಲೇ ರೂಢಿ ಮಾಡಿಸಿ. ಕೀಬೋರ್ಡಿಗೆ ಹೆಡ್‌ಫೋನ್ ಹಾಕುವುದಾದರೆ ಸದ್ದಿನ ಮಟ್ಟವನ್ನು ನೀವು ಹಾಕಿ ನೋಡಿದ ಮೇಲೆ ಕೊಡಿ.

ಹಂತ 9: ‘ಬಿಡುತ್ತೇನೆ’ ಎಂದಾಗ

ಈ ಮಾತು ಬಂದೇ ಬರುತ್ತದೆ. ಹೊಸತನ ಕಳೆದು ಕಷ್ಟ ಮಾತ್ರ ಉಳಿದಾಗ ಬರುತ್ತದೆ, ಪರೀಕ್ಷೆ ಹತ್ತಿರವಾದಾಗ ಬರುತ್ತದೆ. ಕೋಪದಲ್ಲಿ ಬಂದ ಆ ಮಾತನ್ನು ಆ ದಿನವೇ ತೀರ್ಮಾನ ಮಾಡಬೇಡಿ. ಮೊದಲು ಕಾರಣ ಹುಡುಕಿ. ಅಳತೆ ಚಿಕ್ಕದಾಗಿದೆಯೇ, ತಂತಿ ಹಳತಾಗಿದೆಯೇ, ಪಾಠ ಒಮ್ಮೆಗೇ ಕಠಿಣವಾಯಿತೇ, ಶಿಕ್ಷಕರ ಮಾತು ನೋಯಿಸಿತೇ, ಆಟದ ಹೊತ್ತಿನಲ್ಲೇ ಅಭ್ಯಾಸ ಬಿದ್ದಿದೆಯೇ? ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಅದನ್ನು ಸರಿಪಡಿಸಿ ಒಂದೆರಡು ತಿಂಗಳು ಹೊಸ ಪಾಠವನ್ನು ಕಡಿಮೆ ಮಾಡಿ, ಗೊತ್ತಿರುವುದನ್ನೇ ನುಡಿಸಲು ಬಿಡಿ. ಇನ್ನೊಂದು ಮಗುವಿನ ಜೊತೆ ಕೂಡಿ ನುಡಿಸುವ ಅವಕಾಶ ಸಿಕ್ಕರೆ ಒಳ್ಳೆಯದು. ಒಂಟಿಯಾಗಿ ಬೇಸತ್ತ ಎಷ್ಟೋ ಮಕ್ಕಳು ಜೊತೆ ಸಿಕ್ಕ ಕೂಡಲೇ ಚಿಗುರಿಕೊಳ್ಳುತ್ತಾರೆ.

ಇಷ್ಟಾದ ಮೇಲೂ ಮಗುವಿಗೆ ಬೇರೆ ವಾದ್ಯದತ್ತ ಮನಸ್ಸಿದ್ದರೆ ಬದಲಿಸಿ. ತಾಳ, ಶ್ರುತಿಜ್ಞಾನ, ಸ್ವರ ಓದುವ ಅಭ್ಯಾಸ ಇವೆಲ್ಲ ಮುಂದಿನ ವಾದ್ಯಕ್ಕೂ ಬರುತ್ತವೆ. ಕೆಲವು ತಿಂಗಳ ಬಿಡುವನ್ನಷ್ಟೇ ಕೊಡುವುದಾದರೆ ಪಿಟೀಲಿನ ತಂತಿಗಳನ್ನು ತುಸು ಮಾತ್ರ ಸಡಿಲಿಸಿ ಇಡಿ, ಎಲ್ಲವನ್ನೂ ಒಮ್ಮೆಗೇ ಪೂರ್ತಿ ಬಿಚ್ಚಬೇಡಿ. ತಂತಿಗಳ ಒತ್ತಡವಿಲ್ಲದೆ ಮೇಲಿನ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬಿದ್ದುಹೋಗುತ್ತದೆ. ಒಳಗೆ ನಿಲ್ಲಿಸಿರುವ ನಾದದ ಕಡ್ಡಿಯೂ ಉರುಳಬಹುದು. ಅದನ್ನು ಮತ್ತೆ ನಿಲ್ಲಿಸಲು ವಾದ್ಯ ರಿಪೇರಿ ಮಾಡುವವರೇ ಬೇಕು.